ಹಿಂದಿನ ಸಾಲಿನ ರಾಜ

ಮುಗಳಿಕೊಪ್ಪದ ಲಕ್ಕಪ್ಪನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಮೀಸೆ ಮೂಡುವ ಮೊದಲೇ ಹಿಟ್ಟಿನ ಗಿರಣಿ ಸೇರಿದವನು. ಬೆಲ್ಟಿನ ಪಟಪಟ, ಕಲ್ಲಿನ ಗರಗರ, ಪಾಳಿಗಾಗಿ ಜಗಳಾಡುವ ಹೆಂಗಸರ ಗದ್ದಲ, ಇವೆಲ್ಲವನ್ನೂ ದಾಟಿ ಮಾತು ಹೋಗಬೇಕೆಂದರೆ ಕೂಗದೆ ಗತಿಯಿರಲಿಲ್ಲ. ಆ ರೂಢಿ ಮನೆಗೂ ಬಂತು. ಊಟಕ್ಕೆ ಕೂತು "ಉಪ್ಪು ತಾ" ಎಂದರೆ ಓಣಿಯ ಕೊನೆಯ ಮನೆಯಿಂದ ಯಾರಾದರೂ "ತಂಗೆವ್ವಾ, ಅವಗ ಲಗೂನ ಉಪ್ಪು ಕೊಟ್ಟಬಿಡ ನಮ್ಮವ್ವಾ" ಎನ್ನುತ್ತಿದ್ದರು. ಹೆಂಡತಿ ತಂಗೆವ್ವ ಗಂಡನ ಬಾಯಿಂದ ಗುಟ್ಟಿನ ಮಾತು ಕೇಳುವ ಆಸೆಯನ್ನು ಮದುವೆಯಾದ ವರ್ಷವೇ ಬಿಟ್ಟುಬಿಟ್ಟಿದ್ದಳು.

ಆದರೆ ಅದೇ ದನಿ ಅವನನ್ನು ರಾಜನನ್ನಾಗಿ ಮಾಡಿತು. ಸುಗ್ಗಿ ಮುಗಿದ ಮೇಲೆ ಊರಿನಲ್ಲಿ ವರ್ಷಕ್ಕೊಂದು ನಾಟಕ ಆಡುತ್ತಾರೆ. ನಾಟಕ ಯಾವುದಾದರೂ ಇರಲಿ, ಅದರಲ್ಲಿ ಒಬ್ಬ ರಾಜ ಇದ್ದರೆ ಆ ರಾಜ ಲಕ್ಕಪ್ಪನೇ. ಮೈಕು ಕೈಕೊಟ್ಟರೆ ಬೇರೆ ಊರಿನವರು ಆಟ ನಿಲ್ಲಿಸಿ ತಲೆ ಮೇಲೆ ಕೈಹೊತ್ತು ಕೂರುತ್ತಾರೆ. ಮುಗಳಿಕೊಪ್ಪದವರು ಮಾತ್ರ "ಲಕ್ಕಪ್ಪ ಅದಾನಲ್ಲ, ನಡೀಲಿ" ಎಂದು ಕಡಲೆ ತಿನ್ನುತ್ತ ಆರಾಮಾಗಿ ಕೂರುತ್ತಿದ್ದರು. ನೇಸರಗಿ ಕಡೆಯಿಂದ, ರಾಮದುರ್ಗದ ಕಡೆಯಿಂದಲೂ ರಾಜನ ಪಾತ್ರಕ್ಕೆ ಅವನಿಗೆ ಕರೆ ಬರುತ್ತಿತ್ತು.

ಲಕ್ಕಪ್ಪನಿಗೆ ಇದು ಬರೀ ಹವ್ಯಾಸವಾಗಿರಲಿಲ್ಲ. ಅವನ ಅಪ್ಪ ಹನುಮಪ್ಪ ಹಲಗೆ ಬಾರಿಸುವವನು. ಊರ ನಡುವಿನ ಅರಮನೆಯಂಥ ಹಳೆಯ ವಾಡೆಯಲ್ಲಿ ಏನಾದರೂ ಕಾರ್ಯವಾದರೆ ಅದರ ದೊಡ್ಡ ಬಾಗಿಲ ಹೊರಗೆ, ಬಿಸಿಲಲ್ಲಿ ನಿಂತು ಬಾರಿಸುತ್ತಿದ್ದ. ಮೆಟ್ಟಿಲು ಹತ್ತಿ ಒಳಗೆ ಹೋದವನಲ್ಲ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಬರಲೇ ಎಂದು ಅವನೂ ಕೇಳಲಿಲ್ಲ. ಲಕ್ಕಪ್ಪ ಮೊದಲ ಸಲ ಕಿರೀಟ ಇಟ್ಟುಕೊಂಡು ಸಿಂಹಾಸನದ ಮೇಲೆ ಕೂತಾಗ, ಜನರ ಹಿಂದೆ ಕೂತಿದ್ದ ಹನುಮಪ್ಪ ಎದ್ದು ಬಂದು ರಂಗದ ಮೇಲೆ ಹತ್ತಿದ. ತನ್ನ ತಲೆಯ ರುಮಾಲು ಬಿಚ್ಚಿ ಮಗನ ಹೆಗಲಿಗೆ ಹಾಕಿ ಇಳಿದು ಹೋದ. ಅದು ಲಕ್ಕಪ್ಪ ಪಡೆದ ಮೊದಲ ಆಯೇರಿ.

ನಮ್ಮ ಕಡೆಯ ನಾಟಕಗಳಲ್ಲಿ ಈ ಆಯೇರಿಯ ಉಡುಗೊರೆ ಇಲ್ಲದೆ ಆಟವೇ ಪೂರ್ತಿಯಾಗುವುದಿಲ್ಲ. ಪಾತ್ರಧಾರಿ ಒಂದು ಒಳ್ಳೆಯ ಮಾತು ಹೇಳಿದ ಕೂಡಲೇ ಅವನ ಕಡೆಯವರು ರಂಗದ ಮೇಲೆ ಹತ್ತುತ್ತಾರೆ. ಆಟ ನಿಲ್ಲುತ್ತದೆ. ಸಾಯಲು ಬಿದ್ದವನು ಬಿದ್ದಲ್ಲೇ, ಕತ್ತಿ ಎತ್ತಿದವನು ಎತ್ತಿದ ಹಾಗೇ ನಿಲ್ಲುತ್ತಾನೆ. ಬಂದವರು ಹೆಗಲಿಗೆ ಟಾವೆಲ್ ಹೊದಿಸುತ್ತಾರೆ, ಮೈಕಿನವನು ಇಂಥವರಿಂದ ಇಂಥವರಿಗೆ ಆಯೇರಿ ಎಂದು ಕೂಗುತ್ತಾನೆ, ಜನ ಚಪ್ಪಾಳೆ ಹೊಡೆಯುತ್ತಾರೆ. ಆಮೇಲೆ ಪಾತ್ರಧಾರಿ ಅದೇ ಮಾತನ್ನು ಇನ್ನೊಮ್ಮೆ ಹೇಳುತ್ತಾನೆ. ಆಯೇರಿ ಬರದ ಪಾತ್ರಧಾರಿಯನ್ನು ಮರುದಿನ ಚಹಾದ ಅಂಗಡಿಯಲ್ಲಿ ಯಾರೂ ಮಾತಾಡಿಸುವುದಿಲ್ಲ. ಲಕ್ಕಪ್ಪನ ಮನೆಯ ಟ್ರಂಕಿನಲ್ಲಿ ಅಂಥ ಟಾವೆಲ್‌ಗಳು ಒತ್ತಿ ಒತ್ತಿ ತುಂಬಿದ್ದವು. ಒಂದನ್ನೂ ಅವನು ಮೈ ಒರೆಸಲು ಬಳಸಿದವನಲ್ಲ.

ರಾಜನಿಗೊಬ್ಬ ಮಂತ್ರಿ ಬೇಕಲ್ಲ, ಆ ಮಂತ್ರಿ ಹಜರತಸಾಬ. ಇಬ್ಬರೂ ಒಂದೇ ಓಣಿಯಲ್ಲಿ ಹುಟ್ಟಿ, ಒಂದೇ ತಾಟಿನಲ್ಲಿ ಉಂಡು ಬೆಳೆದವರು. ಹಜರತಸಾಬ ಮುಗಳಿಕೊಪ್ಪದಿಂದ ಯರಗಟ್ಟಿಗೆ ಟಂಟಂ ಎಂಬ ಮೂರು ಗಾಲಿಯ ಗಾಡಿ ಓಡಿಸುತ್ತಾನೆ. ಡ್ರೈವರ್ ಪಕ್ಕದ ಸೀಟಿಗೆ ಊರಲ್ಲಿ ರಾಜನ ಸೀಟು ಎಂದೇ ಹೆಸರು. ಲಕ್ಕಪ್ಪ ಪೇಟೆಗೆ ಹೊರಟರೆ ಅಲ್ಲಿ ಕೂತವನು ಎಂಥ ದೊಡ್ಡ ಮನುಷ್ಯನಾದರೂ ಎದ್ದು ಹಿಂದೆ ಹೋಗಬೇಕು. ಹಜರತಸಾಬನ ದನಿ ಮಾತ್ರ ತೀರ ಸಣ್ಣದು. ಅವನು ಒಳಸಂಚಿನ ಮಾತು ಶುರು ಮಾಡಿದರೆ ಹಿಂದೆ ಕೂತವರು "ಹಜರತಸಾಬಾ, ಕೇಳವಲ್ದೋ!" ಎಂದು ಬೊಬ್ಬೆ ಹಾಕುತ್ತಿದ್ದರು. ಅವನಿಗೆ ಆಯೇರಿ ಬರುತ್ತಿದ್ದುದು ಒಂದೇ ಕಡೆಯಿಂದ, ಹೆಂಡತಿ ಮದರಬಿಯಿಂದ. ಲಕ್ಕಪ್ಪನಿಗೆ ಈ ಗೆಳೆಯನ ಮೇಲೆ ಜೀವ. ಆದರೆ ಒಂದು ಮಾತು ಹೇಳಿಬಿಡಬೇಕು. ಮೇಲಿನ ಮೆಟ್ಟಿಲ ಮೇಲೆ ನಿಂತವನಿಗೆ ಕೆಳಗಿನ ಮೆಟ್ಟಿಲ ಗೆಳೆಯನ ಮೇಲೆ ಪ್ರೀತಿ ಇಟ್ಟುಕೊಳ್ಳುವುದು ಅಂಥ ಕಷ್ಟವಲ್ಲ. ಇಬ್ಬರೂ ಜಾಗ ಬದಲಿಸಿದಾಗ ಗೊತ್ತಾಗುತ್ತದೆ ಎಷ್ಟಿತ್ತು ಅಂತ.

ಜಾಗ ಬದಲಾಗುವ ದಿನ ಬಂತು. ಬೆಂಗಳೂರಿನ ಸಿನೆಮಾದವರು ಕಿತ್ತೂರಿನ ಕಡೆ ಒಂದಷ್ಟು ದಿನ ಶೂಟಿಂಗ್ ಮಾಡಿಕೊಂಡು ಮುಗಳಿಕೊಪ್ಪದ ವಾಡೆಗೆ ಬಂದರು. ಇದು ಕಿತ್ತೂರಿನ ಕಥೆಯಲ್ಲ, ಯಾವುದೋ ಹೆಸರಿಲ್ಲದ ಸಂಸ್ಥಾನದ ಕಥೆ ಎಂದು ಮೊದಲೇ ಹೇಳಿದರು. ಮುದಿ ರಾಜ, ಅವನ ಕಿವಿ ಯಾರಿಗೆ ಸಿಗಬೇಕೆಂದು ಹೊಡೆದಾಡುವ ಸರದಾರರು, ಒಬ್ಬರಿಗೊಬ್ಬರು ತೋಡುವ ಗುಂಡಿ. ಕಥೆ ಕೇಳಿ ಲಕ್ಕಪ್ಪ ಮೀಸೆ ತಿರುವಿದ. ಇಂಥ ನಾಟಕ ಅವನಿಗೆ ನೀರು ಕುಡಿದಷ್ಟು ಸಲೀಸು.

ಆಸ್ಥಾನದಲ್ಲಿ ನಿಲ್ಲಲು ಊರವರೇ ಬೇಕಾಗಿದ್ದರು. ಒಬ್ಬನಿಗೆ ಒಂದು ಮಾತು ಕೂಡ ಇತ್ತು. ಆರಿಸುವ ಕೆಲಸ ಪೂನಮ್ ಎಂಬ ಹುಡುಗಿಯದು. ಬೆಳಗಾವಿಯವಳು, ಡೈರೆಕ್ಟರನ ಕೈಕೆಳಗೆ ಕೆಲಸ ಮಾಡುವವಳು. ಶಾಲೆಯ ಬಯಲಿನಲ್ಲಿ ಜನ ಸೇರಿದರು. ಲಕ್ಕಪ್ಪ ಇಸ್ತ್ರಿಯ ಧೋತರ ಉಟ್ಟು, ಮೀಸೆಗೆ ಎಣ್ಣೆ ಹಚ್ಚಿ ಎಲ್ಲರಿಗಿಂತ ಮುಂದೆ ನಿಂತಿದ್ದ. ಹೇಳಬೇಕಾದ ಮಾತು ಇಷ್ಟೇ: "ಪ್ರಭು, ಶತ್ರು ಕೋಟೆಯ ಒಳಗೇ ಇದ್ದಾನೆ." ಲಕ್ಕಪ್ಪ ಎದೆ ತುಂಬ ಉಸಿರೆಳೆದು ಹೇಳಿದ. ಗಿಡದಲ್ಲಿದ್ದ ಕಾಗೆಗಳು ಹಾರಿಹೋದವು. ಊರವರು ಚಪ್ಪಾಳೆ ಹೊಡೆದರು. ಪೂನಮ್ ಕಿವಿ ಮುಚ್ಚಿಕೊಂಡಳು.

"ಕಾಕಾ, ಭಾಳ ಚಲೋ ಹೇಳಿದ್ರಿ. ಆದ್ರ ಇದು ರಾಜನ ಕಿವ್ಯಾಗ ಹೇಳೂ ಮಾತರಿ. ಸ್ವಲ್ಪ ಸಾವಕಾಶ."

ಲಕ್ಕಪ್ಪ ಸಾವಕಾಶ ಹೇಳಿದ. ಈ ಸಲ ಕಾಗೆಗಳು ಹಾರಲಿಲ್ಲ, ಯಾಕೆಂದರೆ ಗಿಡದಲ್ಲಿ ಕಾಗೆಗಳೇ ಉಳಿದಿರಲಿಲ್ಲ.

"ಇನ್ನಾ ಸಣ್ಣಗ, ಕಾಕಾ. ಉಸರ ಬಿಟ್ಟಂಗ."

ಉಸಿರು ಬಿಟ್ಟ ಹಾಗೆ ಮಾತಾಡಲು ಹೋಗಿ ಅವನಿಗೆ ಕೆಮ್ಮು ಬಂತು. ಆಗಲೇ ಹಜರತಸಾಬನ ಟಂಟಂ ಬಂದು ಬಯಲಿನ ಅಂಚಿಗೆ ನಿಂತಿತು. ಅವನು ಕೆಳಗಿಳಿದು, ಹಿಂದೆ ಕೂತಿದ್ದ ಮುದುಕಿಯೊಬ್ಬಳ ಕಿವಿಯ ಹತ್ತಿರ ಬಾಗಿ "ಆಯಿ, ಸಾವಕಾಶ ಇಳಿ, ಗಂಟು ನಾ ಹಿಡಿತೇನಿ" ಎಂದ. ಪೂನಮ್ ಅದನ್ನು ನೋಡಿದಳು. ಕರೆದು, ಅದೇ ಮಾತನ್ನು ಹೇಳು ಎಂದಳು.

"ನಂದೇನ ಐತ್ರಿ ಅಕ್ಕಾರ? ನಮ್ಮ ರಾಜಾ ಅಲ್ಲಿ ನಿಂತಾನ ನೋಡ್ರಿ" ಎಂದು ಹಜರತಸಾಬ ಲಕ್ಕಪ್ಪನನ್ನು ತೋರಿಸಿದ. ಬಿಡದೆ ಕೇಳಿದಾಗ, ಮುದುಕಿಗೆ ಹೇಳಿದಷ್ಟೇ ದನಿಯಲ್ಲಿ ಹೇಳಿದ. ಟೋಪಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ ಡೈರೆಕ್ಟರ್ ಅಷ್ಟು ಹೊತ್ತಿನಲ್ಲಿ ಮೊದಲ ಸಲ ತಲೆ ಎತ್ತಿದ.

ಹೀಗೆ ಊರಲ್ಲಿ ಯಾರಿಗೂ ಕೇಳದ ದನಿ ಸಿನೆಮಾಕ್ಕೆ ಬೇಕಾಯಿತು. ಊರಿಗೆಲ್ಲ ಕೇಳುವ ದನಿಗೆ ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕದಲ್ಲಿ, ಸುಮ್ಮನೆ ನಿಲ್ಲುವ ಕೆಲಸ ಸಿಕ್ಕಿತು.

ಹಜರತಸಾಬನಿಗೆ ನೀಲಿ ರೇಷ್ಮೆಯ ನಿಲುವಂಗಿ, ಕೊರಳಿಗೆ ಮುತ್ತಿನ ಸರ, ಸಿಂಹಾಸನದ ಪಕ್ಕದಲ್ಲೇ ಜಾಗ. ಲಕ್ಕಪ್ಪನಿಗೆ ಬಣ್ಣ ಮಾಸಿದ ಅಂಗಿ, ಕೈಗೊಂದು ಈಟಿಯಂಥ ಭರ್ಚಿ. ಮೊದಲ ದಿನ ವಾಡೆಯ ಮೆಟ್ಟಿಲು ಹತ್ತುವಾಗ ಅವನು ಒಂದೊಂದನ್ನೂ ನೋಡಿ ನೋಡಿ ಕಾಲಿಟ್ಟ. ಅಪ್ಪ ಹತ್ತದ ಮೆಟ್ಟಿಲುಗಳು. ಒಂದು ದಿನ ಇವುಗಳನ್ನು ಹತ್ತಬೇಕು, ಹತ್ತಿದರೆ ಕಿರೀಟ ಇಟ್ಟುಕೊಂಡೇ ಹತ್ತಬೇಕು ಎಂದು ಚಿಕ್ಕಂದಿನಿಂದ ಅಂದುಕೊಂಡಿದ್ದ. ಈಗ ಹತ್ತಿದ್ದು ಭರ್ಚಿ ಹಿಡಿದು, ಗೆಳೆಯನ ನೀಲಿ ಅಂಗಿಯ ಹಿಂದೆ. ಕಂಬದ ಪಕ್ಕ ನಿಂತಾಗ, ಅಪ್ಪ ನಿಲ್ಲುತ್ತಿದ್ದ ಜಾಗ ತೆರೆದ ಬಾಗಿಲಿನಿಂದ ಕಾಣುತ್ತಿತ್ತು.

ಅವನಿಗೆ ಹೊಟ್ಟೆಕಿಚ್ಚಾಯಿತು. ಬೇರೆ ಹೆಸರು ಇಟ್ಟು ಮರೆಮಾಚುವುದು ಬೇಡ. ಹಜರತಸಾಬನ ಅಂಗಿ ಕಂಡರೆ ಉರಿ, ಅವನ ನಗು ಕೇಳಿದರೆ ಉರಿ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಹಜರತಸಾಬ ತನ್ನ ತಾಟು ಹಿಡಿದುಕೊಂಡು, ದೊಡ್ಡ ನಟರ ಸಾಲು ಬಿಟ್ಟು ಹಿಂದಿನ ಸಾಲಿನವರ ಹತ್ತಿರ ಬಂದು ಕೂತ. ಲಕ್ಕಪ್ಪನಿಗೆ ಅದನ್ನೂ ಸಹಿಸಲಾಗಲಿಲ್ಲ. ಮೆರೆಯುವುದು ಸಾಲದೆ ಕನಿಕರ ಬೇರೆ ತೋರಿಸುತ್ತಾನೆ ಎನ್ನಿಸಿತು.

"ದೋಸ್ತ, ನನಗ ಹೆದರಿಕಿ ಆಗೇತಿ" ಎಂದ ಹಜರತಸಾಬ. "ನೀ ಇದ್ದಿದ್ರ ಒಂದ ಏಟಿಗೆ ಹೊಡದ ಒಗೀತಿದ್ದಿ. ನನಗ ಆ ಮಾತ ಹೆಂಗ ಹೇಳೂದು, ಸ್ವಲ್ಪ ಹೇಳಿಕೊಡೋ."

"ನಿನಗ್ಯಾಕ ಹೇಳಿಕೊಡಬೇಕೋ? ನೀ ಈಗ ದೊಡ್ಡ ಮನಶ್ಯಾ ಆಗೀದಿ" ಎಂದ ಲಕ್ಕಪ್ಪ. ಹಜರತಸಾಬ ಅದನ್ನು ಚೇಷ್ಟೆ ಎಂದುಕೊಂಡು ನಕ್ಕ.

ಮನೆಯಲ್ಲಿ ತಂಗೆವ್ವ ರೊಟ್ಟಿ ಬಡಿಯುತ್ತ, "ಹಜರತಣ್ಣಗ ನೀಲಿ ಅಂಗಿ ಭಾಳ ಒಪ್ಪೇತಿ ಅಂತ ಊರಾಗೆಲ್ಲಾ ಅನ್ನಾಕ ಹತ್ಯಾರ ನೋಡ್ರಿ" ಎಂದಳು. ಲಕ್ಕಪ್ಪ ಅರ್ಧ ಊಟಕ್ಕೆ ಎದ್ದ. ಮರುದಿನ ಬೆಳಿಗ್ಗೆ ಶೂಟಿಂಗಿಗೆ ಹೋಗುವ ಮೊದಲು ಗಿರಣಿ ಹಾಕಿದಾಗ ಮದರಬಿಯ ಮನೆಯ ಜೋಳದ ಡಬ್ಬಿ ಪಾಳಿಗೆ ಬಂತು. ಲಕ್ಕಪ್ಪ ಅತ್ತಿತ್ತ ನೋಡಿ ಗಿರಣಿಯ ಕಲ್ಲನ್ನು ಕೊಂಚ ಸಡಿಲಿಸಿದ. ಹಿಟ್ಟು ದಪ್ಪಗೆ, ರವೆಯ ಹಾಗೆ ಬಿತ್ತು. ಅದರ ರೊಟ್ಟಿ ಬಡಿದರೆ ಹರಿದು ಚೂರಾಗುತ್ತದೆ. ಆಸ್ಥಾನದ ಸರದಾರ ಇಂದು ಹರಿದ ರೊಟ್ಟಿ ತಿನ್ನಲಿ ಎಂದು ಅವನಿಗೆ ಒಂದು ಗಳಿಗೆ ಖುಷಿಯಾಯಿತು. ಇಷ್ಟು ವಯಸ್ಸಾದ ಮನುಷ್ಯ ಮಾಡುವ ಕೆಲಸವೇ ಇದು? ಅಲ್ಲ. ಆದರೂ ಮಾಡಿದ.

ಸಂಜೆ ಮದರಬಿ ಗಿರಣಿಗೆ ಬಂದಳು. ಜಗಳಕ್ಕೇ ಬಂದಿದ್ದಾಳೆ ಎಂದುಕೊಂಡು ಲಕ್ಕಪ್ಪ ಮೊದಲೇ ಮುಖ ಗಂಟು ಹಾಕಿದ.

"ಅಣ್ಣಾ, ಹಿಟ್ಟ ಸ್ವಲ್ಪ ದಪ್ಪ ಬಿದ್ದಿತ್ರಿ. ಇರಲಿ ಬಿಡ್ರಿ, ಕಲ್ಲ ಸವದಿರಬೇಕು" ಎಂದು ತಾನೇ ಅವನ ಪರವಾಗಿ ಕಾರಣ ಕೊಟ್ಟಳು. ಆಮೇಲೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತ, "ನಾ ಬಂದಿದ್ದು ಬ್ಯಾರೇ ಮಾತಿಗರಿ. ನಾಳೆ ಇವರು ಮಾತ ಹೇಳೂದ ಐತೆಂತ. ನಾ ಆಯೇರಿ ಮಾಡಬೇಕಂತ ಮಾಡೇನಿ. ಸಿನೆಮಾದಾಗೂ ಆಯೇರಿ ಮಾಡ್ತಾರೇನ್ರಿ? ನಮಗೇನ ತಿಳೀತೈತಿ? ನೀವು ದೊಡ್ಡ ಕಲಾವಿದರು, ನಿಮ್ಮನ್ನ ಕೇಳಿ ಮಾಡಿದ್ರ ಚಲೋ ಅಂತ ಬಂದೆ" ಎಂದಳು.

ಲಕ್ಕಪ್ಪನಿಗೆ ಗೊತ್ತಿತ್ತು. ಶೂಟಿಂಗ್ ನಡುವೆ ಒಬ್ಬ ಕೆಮ್ಮಿದ್ದಕ್ಕೆ ಡೈರೆಕ್ಟರ್ ಸಿಟ್ಟಿನಿಂದ ಕುಣಿದಾಡಿದ್ದನ್ನು ಬೆಳಿಗ್ಗೆ ಕಣ್ಣಾರೆ ನೋಡಿದ್ದ. ರಾಜನ ಪಾತ್ರದ ದೊಡ್ಡ ನಟ ಆ ಕೆಮ್ಮಿದವನನ್ನು ಹೊರಗೆ ಹಾಕಿಸಿದ್ದ. ಇಲ್ಲ ಭಾಬಿ, ಇಲ್ಲಿ ಅದೆಲ್ಲ ನಡೆಯುವುದಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅವನು ಹೇಳಿದ್ದು ಬೇರೆ.

"ಮಾಡ್ತಾರಲ್ರಿ ಭಾಬಿ, ಯಾಕ ಮಾಡಂಗಿಲ್ಲ? ನಾಟಕ ಆದ್ರೇನು, ಸಿನೆಮಾ ಆದ್ರೇನು. ಅವ ಮಾತ ಮುಗಿಸಿದ ಕೂಡಲೇ ಹೋಗಿಬಿಡ್ರಿ. ತಡಾ ಮಾಡಬ್ಯಾಡ್ರಿ."

ಮದರಬಿಯ ಮುಖ ಅರಳಿತು. ಅವಳು ಹೋದ ಮೇಲೆ ಲಕ್ಕಪ್ಪ ಗಿರಣಿ ಬಂದ್ ಮಾಡಿ ಕೂತ. ಕರೆದು ಹೇಳಿಬಿಡೋಣವೇ ಎಂದು ಬಾಗಿಲವರೆಗೆ ಎದ್ದು ಹೋದ. ಹಜರತಸಾಬನ ನೀಲಿ ಅಂಗಿ ಕಣ್ಣಿಗೆ ಕಟ್ಟಿತು. ಮರಳಿ ಬಂದು ಕೂತ.

ಮರುದಿನ ವಾಡೆಯ ಅಂಗಳದಲ್ಲಿ ಹಗ್ಗ ಕಟ್ಟಿ ಜನರನ್ನು ಅದರಾಚೆ ನಿಲ್ಲಿಸಿದ್ದರು. ಸಂಜೆಯ ಬಿಸಿಲು ಕಮಾನಿನಿಂದ ಓರೆಯಾಗಿ ಸಿಂಹಾಸನದ ಮೇಲೆ ಬೀಳುತ್ತದೆ, ಆ ಬೆಳಕು ಹೋಗುವುದರೊಳಗೆ ಮುಗಿಸಬೇಕು ಎಂದು ಎಲ್ಲರೂ ಅವಸರದಲ್ಲಿದ್ದರು. ಮೊದಲು ಒಂದು ಸಲ ಸುಮ್ಮನೆ ಹೇಳಿ ನೋಡಿದರು. ಹಜರತಸಾಬ ಬಾಗಿ ರಾಜನ ಕಿವಿಯಲ್ಲಿ ಆ ಮಾತು ಹೇಳಿದ. ಸೊಗಸಾಗಿ ಹೇಳಿದ. ಅದು ಸೊಗಸಾಗಿತ್ತು ಎನ್ನುವುದೇ ಲಕ್ಕಪ್ಪನಿಗೆ ತಡೆಯಲಾಗಲಿಲ್ಲ. ಇವನಿಗೆ ಇದು ಯಾವಾಗ ಬಂತು? ಇಷ್ಟು ವರ್ಷ ನನ್ನ ಪಕ್ಕ ನಿಂತು ಇದನ್ನು ಎಲ್ಲಿ ಬಚ್ಚಿಟ್ಟಿದ್ದ? ಭರ್ಚಿ ಹಿಡಿದ ಅವನ ಕೈ ಬಿಗಿಯಿತು, ಕಣ್ಣು ಗೆಳೆಯನ ಬೆನ್ನಿನಲ್ಲಿ ನಾಟಿತು.

ಸಣ್ಣ ಟಿವಿ ಮುಂದಿಟ್ಟುಕೊಂಡು ಕೂತಿದ್ದ ಡೈರೆಕ್ಟರ್ ಪೂನಮ್‌ಗೆ ಬೆರಳಿನಿಂದ ಏನನ್ನೋ ತೋರಿಸಿ ಪಿಸುಗುಟ್ಟಿದ. ಇನ್ನೊಂದು ಕ್ಯಾಮೆರಾವನ್ನು ಕಂಬದ ಕಡೆ ತಿರುಗಿಸಿದರು. ಪೂನಮ್ ಲಕ್ಕಪ್ಪನ ಹತ್ತಿರ ಬಂದಳು.

"ಕಾಕಾ, ಈಗ ಹೆಂಗ ನಿಂತ ನೋಡಾಕ ಹತ್ತಿದ್ರಿ, ಹಂಗ ನೋಡ್ರಿ. ಅಳ್ಳಾಡಬ್ಯಾಡ್ರಿ."

ಓಹೋ, ನಾನೂ ಒಂದು ಕಂಬ ಎಂದು ಲಕ್ಕಪ್ಪ ಹಲ್ಲು ಕಚ್ಚಿದ.

ಎಲ್ಲ ಸ್ತಬ್ಧವಾಯಿತು. ಹಜರತಸಾಬ ಬಾಗಿ ಹೇಳಿದ: "ಪ್ರಭು, ಶತ್ರು ಕೋಟೆಯ ಒಳಗೇ ಇದ್ದಾನೆ." ಅದೇ ಗಳಿಗೆಗೆ ಲಕ್ಕಪ್ಪನ ಓರೆಗಣ್ಣಿಗೆ ಹಗ್ಗದ ಕೆಳಗಿನಿಂದ ನುಸುಳುತ್ತಿದ್ದ ಮದರಬಿ ಕಂಡಳು. ಹೊಸ ಸೀರೆ, ಬಗಲಲ್ಲಿ ಕೈಚೀಲ. ಗಿರಣಿಯ ಗದ್ದಲದಲ್ಲೂ ಊರಿಗೆಲ್ಲ ಕೇಳುವ ದನಿ ಅವನದು. ಭಾಬಿ, ನಿಂದ್ರಿ ಎಂದು ಒಂದು ಸಲ ಕೂಗಿದ್ದರೆ ಅವಳು ನಿಲ್ಲುತ್ತಿದ್ದಳು. ಬೈಗಳು ಅವನಿಗೆ ಬೀಳುತ್ತಿದ್ದವು, ಅವಳಿಗಲ್ಲ. ಅವನು ಬಾಯಿ ತೆರೆಯಲಿಲ್ಲ.

ಮದರಬಿ ನೆಟ್ಟಗೆ ಆಸ್ಥಾನದೊಳಗೆ ನಡೆದಳು. ರಾಜನಿಗೆ ಕೈಮುಗಿದಳು, ಹಿರಿಯರಲ್ಲವೇ. ಚೀಲದಿಂದ ಟಾವೆಲ್ ತೆಗೆದು, ಝಾಡಿಸಿ, ಗಂಡನ ನೀಲಿ ರೇಷ್ಮೆಯ ಹೆಗಲಿಗೆ ಹೊದಿಸಿದಳು. ಮೈಕಿನವನು ಯಾರೂ ಇಲ್ಲದ್ದರಿಂದ ತಾನೇ ಜನರ ಕಡೆ ತಿರುಗಿ, "ಮದರಬಿಯಿಂದ ಹಜರತಸಾಬ ಇವರಿಗೆ ಆಯೇರಿ!" ಎಂದು ಕೂಗಿದಳು. ಹಗ್ಗದ ಆಚೆಯ ಜನ ರೂಢಿಯಂತೆ ಚಪ್ಪಾಳೆ ಹೊಡೆದರು. ಹಜರತಸಾಬನೂ ರೂಢಿಯಂತೆ ಎರಡು ಕೈ ಜೋಡಿಸಿ ಅದೇ ಮಾತನ್ನು ಇನ್ನೊಮ್ಮೆ ಹೇಳಲು ಬಾಯಿ ತೆರೆದ.

"ಕಟ್! ಯಾರ್ರೀ ಅದು? ಒಳಗೆ ಬಿಟ್ಟಿದ್ಯಾರು ಆಯಮ್ಮನ್ನ?" ಡೈರೆಕ್ಟರ್ ಟೋಪಿ ತೆಗೆದು ನೆಲಕ್ಕೆ ಬಡಿದ.

ಮದರಬಿಗೆ ಅದು ತನಗೆ ಬಿದ್ದ ಬೈಗಳು ಎಂದು ತಿಳಿಯಲೇ ಹೊತ್ತು ಹಿಡಿಯಿತು. ಅವಳು ಚೀಲದೊಳಗೆ ಮತ್ತೆ ಕೈ ಹಾಕಿ, ಹಿಂದಿನ ಸಾಲಿನ ಕಡೆ, ಲಕ್ಕಪ್ಪ ನಿಂತಿದ್ದ ಕಂಬದ ಕಡೆ ಹೆಜ್ಜೆ ಹಾಕಿದ್ದಳು. ನನ್ನ ಹೆಸರು ಹೇಳಲು ಬರುತ್ತಿದ್ದಾಳೆ ಎಂದುಕೊಂಡು ಲಕ್ಕಪ್ಪ ಕಂಬಕ್ಕೆ ಒತ್ತಿ ನಿಂತ. ಅಷ್ಟರಲ್ಲಿ ಇಬ್ಬರು ಬಂದು ಅವಳನ್ನು ತಡೆದು, ಬದಿಗೆ ಕರೆದುಕೊಂಡು ಹೋದರು. ರಾಜನ ಪಾತ್ರದ ದೊಡ್ಡ ನಟ ಮುತ್ತಿನ ಹಾರ ತೆಗೆದು ಕುರ್ಚಿಯ ಮೇಲೆ ಎಸೆದು ಎದ್ದುಹೋದ. ಕಮಾನಿನ ಬಿಸಿಲು ಗೋಡೆಯೇರಿ ಹೋಯಿತು.

"ನಿಮಗ ಒಳಗ ಹೋಗ ಅಂತ ಯಾರ ಹೇಳಿದ್ರು?" ಎಂದು ಪೂನಮ್ ಕೇಳಿದಳು. ಊರವರೆಲ್ಲ ಸುತ್ತ ನಿಂತಿದ್ದರು. ಮದರಬಿ ತಲೆ ಎತ್ತಿ ಲಕ್ಕಪ್ಪನನ್ನು ನೋಡಿದಳು. ಅವನು ಭರ್ಚಿಯ ತುದಿ ನೋಡುತ್ತಿದ್ದ. ಅವಳಿಗೆ ಆಗ ಎಲ್ಲ ತಿಳಿಯಿತು. ಹಿಟ್ಟು ಯಾಕೆ ದಪ್ಪ ಬಿತ್ತೆಂದೂ ತಿಳಿಯಿತು.

"ಯಾರೂ ಹೇಳಿಲ್ರಿ. ನನಗ ತಿಳೀಲಿಲ್ಲ" ಎಂದಳು.

ಹಜರತಸಾಬನ ಮಾತನ್ನು ಮರುದಿನ ಬೆಂಗಳೂರಿನಿಂದ ಬಂದ ನಟನೊಬ್ಬನಿಗೆ ಕೊಟ್ಟರು. ನೀಲಿ ಅಂಗಿಯನ್ನು ಹಜರತಸಾಬನೇ ಬಿಚ್ಚಿ, ಮಡಚಿ, ಪೂನಮ್ ಕೈಗೆ ಕೊಟ್ಟ. ಊರವರು ನಕ್ಕರೆ, "ನನ್ನ ಹೇಣ್ತಿ ನನಗ ಆಯೇರಿ ಮಾಡ್ಯಾಳಪಾ, ನಿಮ್ಮ ಹೊಟ್ಟ್ಯಾಗ ಯಾಕ ಸಂಕಟ?" ಎಂದು ತಾನೂ ನಕ್ಕ. ಆದರೆ ಆಮೇಲೆ ಬಹಳ ದಿನ ಟಂಟಂ ಓಡಿಸುವಾಗ ಎಂದಿನಂತೆ ಹಾಡು ಗುನುಗಲಿಲ್ಲ. ಪಕ್ಕದ ಸೀಟಿನಲ್ಲಿ ಕೂತ ಲಕ್ಕಪ್ಪನಿಗೆ ಆ ಹಾಡಿಲ್ಲದ್ದು ತಿಳಿಯದೆ ಇರಲಿಲ್ಲ. ಗೆದ್ದೆ ಎನ್ನಿಸಬೇಕಿತ್ತು, ಎನ್ನಿಸಲಿಲ್ಲ. ಮದರಬಿ ಗಿರಣಿಗೆ ಬರುವುದನ್ನು ಬಿಡಲಿಲ್ಲ. ಡಬ್ಬಿ ಇಡುತ್ತಿದ್ದಳು, ಒಯ್ಯುತ್ತಿದ್ದಳು. ಅಣ್ಣಾ ಎನ್ನುವುದನ್ನು ಮಾತ್ರ ಬಿಟ್ಟಿದ್ದಳು. ಲಕ್ಕಪ್ಪ ಅವಳ ಜೋಳವನ್ನು ಎಲ್ಲರಿಗಿಂತ ನುಣ್ಣಗೆ ಬೀಸುತ್ತಿದ್ದ, ಎರಡೆರಡು ಸಲ.

ಮರುವರ್ಷ ಸಿನೆಮಾ ಬೈಲಹೊಂಗಲಕ್ಕೆ ಬಂತು. ಮುಗಳಿಕೊಪ್ಪದವರು ಮಧ್ಯಾಹ್ನದ ಆಟಕ್ಕೆ ಗಾಡಿ ಮೇಲೆ ಗಾಡಿ ಮಾಡಿಕೊಂಡು ಹೋದರು. ಹಜರತಸಾಬನೇ ಒತ್ತಾಯ ಮಾಡಿ ಲಕ್ಕಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದ. ತಾನು ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ನಮ್ಮ ವಾಡೆ ನೋಡಬೇಕು ಎಂದ.

ವಾಡೆ ಬಂತು, ಸಿಂಹಾಸನ ಬಂತು, ಓರೆ ಬಿಸಿಲು ಬಂತು. ಬೆಂಗಳೂರಿನ ನಟ ಬಾಗಿ ಆ ಮಾತು ಹೇಳಿದ. ಮಾತು ಮುಗಿಯುತ್ತಿದ್ದಂತೆ ಪರದೆಯ ತುಂಬ ಒಂದು ಮುಖ ಬಂತು. ಎಣ್ಣೆ ಹಚ್ಚಿದ ಮೀಸೆ, ಕಚ್ಚಿದ ಹಲ್ಲು, ಮುಂದೆ ನಿಂತವನನ್ನು ಸುಟ್ಟುಬಿಡುವಂತಿದ್ದ ಎರಡು ಕಣ್ಣು. ಅಂಚಿನಲ್ಲಿ, ಮಬ್ಬಾಗಿ, ಒಂದು ನೀಲಿ ಹೆಗಲು. ಮುಖ ಅಲ್ಲೇ ನಿಂತಿತು, ಹಿಂದಿನಿಂದ ಸಣ್ಣಗೆ ವಾದ್ಯ ಶುರುವಾಯಿತು.

"ಲಕ್ಕಪ್ಪಾ! ನಮ್ಮ ಲಕ್ಕಪ್ಪ!" ಟಾಕೀಜು ಒಡೆದುಹೋಗುವ ಹಾಗೆ ಶಿಳ್ಳೆ ಬಿದ್ದವು.

ಹಜರತಸಾಬ ಅವನ ತೊಡೆ ಹಿಸುಕಿದ. "ಎಂಥಾ ಆ್ಯಕ್ಟಿಂಗ್ ಮಾಡಿಯೋ ದೋಸ್ತ! ಒಂದ ಮಾತ ಇಲ್ಲದ! ನನ್ನ ಎದಿ ಝಲ್ ಅಂತು." ಅವನ ದನಿಯಲ್ಲಿ ಎಳ್ಳಷ್ಟೂ ಉರಿ ಇರಲಿಲ್ಲ. ಲಕ್ಕಪ್ಪ ಹುಡುಕಿದ, ಒಂದಿಷ್ಟಾದರೂ ಇದ್ದರೆ ತನಗೆ ಹಗುರಾಗುತ್ತಿತ್ತು. ಜೀವಮಾನವೆಲ್ಲ ಬೇಕೆಂದದ್ದು ಸಿಕ್ಕಿತ್ತು, ವಾಡೆಯೊಳಗೆ ಎಲ್ಲರಿಗಿಂತ ದೊಡ್ಡ ಮುಖ. ಅದು ನಟನೆಯಲ್ಲ ಎನ್ನುವುದು ಅಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬ ಅವನು. ಇನ್ನೊಬ್ಬಳು ಗಂಡನ ಆಚೆ ಬದಿಗೆ ಕೂತಿದ್ದಳು.

ಮಧ್ಯಂತರದಲ್ಲಿ ದೀಪ ಹತ್ತಿದ ಕೂಡಲೇ ಊರವರು ಅವನನ್ನು ಎಳೆದುಕೊಂಡು ಹೋಗಿ ಪರದೆಯ ಮುಂದೆ ನಿಲ್ಲಿಸಿದರು. ಮದರಬಿ ಎದ್ದು ಬಂದಳು. ಚೀಲದಿಂದ ಟಾವೆಲ್ ತೆಗೆದಳು. ವರ್ಷದಿಂದ ಮಡಚಿಟ್ಟದ್ದರ ಗೆರೆಗಳು ಅದರ ಮೇಲೆ ಎದ್ದು ಕಾಣುತ್ತಿದ್ದವು. ಅವನ ಹೆಗಲಿಗೆ ಹೊದಿಸುತ್ತ, ಅವನಿಗಷ್ಟೇ ಕೇಳುವಂತೆ ಹೇಳಿದಳು.

"ಅವತ್ತ ಎರಡ ತಂದಿದ್ನಿರಿ. ಇದು ನಿಮ್ಮದು. ಕೊಡಾಕ ಬಿಡಲಿಲ್ಲ ಅವರು."

ಲಕ್ಕಪ್ಪನಿಗೆ ಆಗ ಆ ಸಂಜೆ ಮತ್ತೆ ಕಣ್ಣಿಗೆ ಬಂತು. ಚೀಲದೊಳಗೆ ಕೈ ಹಾಕಿ ಅವಳು ಕಂಬದ ಕಡೆ ಯಾಕೆ ಬರುತ್ತಿದ್ದಳು ಎಂದು ಈಗ ಗೊತ್ತಾಯಿತು. ಹತ್ತಿಯ ಒಂದು ಟಾವೆಲ್ ಅಷ್ಟು ಭಾರ ಇರುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲ.

ಹಜರತಸಾಬ ಮೈಕಿನವನಂತೆ ಕೈಯನ್ನು ಬಾಯಿಗೆ ಹಿಡಿದು, ತನ್ನ ಸಣ್ಣ ದನಿಯಲ್ಲೇ, "ಹಜರತಸಾಬ ಮತ್ತು ಮದರಬಿ ಇವರಿಂದ ಲಕ್ಕಪ್ಪ ಹನುಮಪ್ಪ ಇವರಿಗೆ ಆಯೇರಿ!" ಎಂದ. ಚಪ್ಪಾಳೆ. ಆಯೇರಿಯಾದ ಮೇಲೆ ಮಾತು ಹೇಳಲೇಬೇಕಲ್ಲ. "ಡೈಲಾಗ್! ಲಕ್ಕಪ್ಪಾ, ಡೈಲಾಗ್!" ಎಂದು ಹಿಂದಿನ ಸೀಟುಗಳಿಂದ ಕೂಗಿದರು.

ಲಕ್ಕಪ್ಪ ಬಾಯಿ ತೆರೆದ. ಎದೆ ತುಂಬ ಉಸಿರೆಳೆದ. ಬಂದದ್ದು ಉಸಿರು ಬಿಟ್ಟಷ್ಟೇ ದನಿ.

"ಪ್ರಭು, ಶತ್ರು ಕೋಟೆಯ ಒಳಗೇ ಇದ್ದಾನೆ."

"ಕೇಳವಲ್ದೋ!" ಎಂದು ಹಿಂದಿನವರು ಬೊಬ್ಬೆ ಹಾಕಿದರು.

ಪಕ್ಕದಲ್ಲಿದ್ದ ಹಜರತಸಾಬನಿಗೆ ಕೇಳಿಸಿತು. ಗೆಳೆಯನ ಹೆಗಲ ಮೇಲೆ ಟಾವೆಲ್‌ನ ಅಂಚು ಸರಿಮಾಡುತ್ತಿದ್ದ ಅವನ ಕೈ ನಿಂತಿತು. ಅವನು ಲಕ್ಕಪ್ಪನ ಮುಖ ನೋಡಿದ, ಆಮೇಲೆ ಹೆಂಡತಿಯ ಮುಖ ನೋಡಿದ. ಮದರಬಿ ನೆಲ ನೋಡುತ್ತಿದ್ದಳು. ಹಜರತಸಾಬ ಟಾವೆಲ್‌ನ ಅಂಚನ್ನು ಪೂರ್ತಿ ಸರಿಮಾಡಿ, ಕೈ ತೆಗೆದು, ಹೋಗಿ ತನ್ನ ಸೀಟಿನಲ್ಲಿ ಕೂತ.

ಆಟ ಬಿಟ್ಟ ಮೇಲೆ ಊರವರು ಟಂಟಂ ಏರಿದರು. ಲಕ್ಕಪ್ಪ ಮುಂದಿನ ಬಾಗಿಲ ಹತ್ತಿರ ಹೋಗಿ ಒಂದು ಗಳಿಗೆ ನಿಂತ. ಹಜರತಸಾಬ ಸ್ಟೇರಿಂಗ್ ಹಿಡಿದು ರಸ್ತೆ ನೋಡುತ್ತಿದ್ದ, ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಲಕ್ಕಪ್ಪ ಹಿಂದೆ ಹೋಗಿ, ಹೆಂಗಸರ ಬುಟ್ಟಿಗಳ ನಡುವೆ ಜಾಗ ಮಾಡಿಕೊಂಡು, ಟಾವೆಲ್ ಹೊದ್ದುಕೊಂಡೇ ಕೂತ. ಮುಂದಿನ ಸೀಟು ಊರು ಬರುವವರೆಗೂ ಖಾಲಿ ಇತ್ತು.